ಕಾಫಿ ಬಣ್ಣದ ಬಳೆ

ನಿಂಗರಾಜುವಿಗೆ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ದೇಹದ ಅತಿ ದೊಡ್ಡ ಗ್ರಂಥಿ ಅಂತ ನಾನು ಬಾಯಿ ತೆರೆದರೆ ಸಾಕು, ಯಕೃತ್ತು ಅಂತ ಮುಗಿಸಿಬಿಡುತ್ತಿದ್ದ. ಒಸಡಿನಲ್ಲಿ ರಕ್ತ ಅಂದರೆ ಸಿ ಜೀವಸತ್ವ, ಇರುಳುಗುರುಡು ಅಂದರೆ ಎ, ಗಳಗಂಡ ಅಂದರೆ ಅಯೋಡಿನ್. ಯಾವ ಗುಂಪಿನ ರಕ್ತವನ್ನು ಎಲ್ಲರಿಗೂ ಕೊಡಬಹುದು, ಅತಿ ಚಿಕ್ಕ ಮೂಳೆ ಎಲ್ಲಿದೆ, ಇನ್ಸುಲಿನ್ ಎಲ್ಲಿ ಹುಟ್ಟುತ್ತದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನಾವೆಲ್ಲ ಹಾಗೇ ಓದಿದವರು. ಸ್ಪರ್ಧಾತ್ಮಕ ಪರೀಕ್ಷೆಗೆ ಗೈಡು ಬರೆಯುವ ಪುಣ್ಯಾತ್ಮರು ಮನುಷ್ಯನ ಮೈಯನ್ನು ಕತ್ತರಿಸಿ ಒಂದೊಂದು ಅಂಕದ ತುಂಡು ಮಾಡಿ ಇಟ್ಟಿದ್ದರು. ನಾವು ಅದನ್ನು ಅಗಿಯದೆ ನುಂಗುತ್ತಿದ್ದೆವು.

ನನ್ನ ಹೆಸರು ಯಾಸಿನ್. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ನಮ್ಮಪ್ಪ ಅಬ್ದುಲ್ ವಾಹಿದರ ಬಳೆ ಅಂಗಡಿ. ನಾನೂ ನಾಲ್ಕಾರು ಪರೀಕ್ಷೆ ಬರೆದು, ಯಾವುದರಲ್ಲೂ ದಡ ಸೇರದೆ, ಬಳೆ ರಾಶಿಗೇ ವಾಪಸು ಬಂದು ಕೂತಿದ್ದೆ. ಆದ್ದರಿಂದ ಪ್ರಶ್ನೆ ಕೇಳುವ ಕೆಲಸಕ್ಕೆ ನನಗಿಂತ ಅರ್ಹರು ಯಾರೂ ಇರಲಿಲ್ಲ. ನಿಂಗರಾಜು ಪಾಂಡವಪುರ ಸ್ಟೇಷನ್ನಿನ ಹತ್ತಿರದ ಹಳ್ಳಿಯವನು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಇಳಿದು, ನಮ್ಮ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ನಾನು ಬಳೆ ವಿಂಗಡಿಸುತ್ತ ಕೇಳುತ್ತಿದ್ದೆ, ಅವನು ಹೇಳುತ್ತಿದ್ದ. ಒಮ್ಮೆ ಹಸಿರು ಬಳೆಯ ಡಬ್ಬ ಕೊಡೋ ಅಂದರೆ ಕಾಫಿ ಬಣ್ಣದ್ದನ್ನು ಕೊಟ್ಟ. ಓದಿ ಓದಿ ತಲೆ ಕೆಟ್ಟಿದೆ ನಿನಗೆ ಅಂತ ನಾನು ರೇಗಿಸಿದೆ, ಅವನೂ ನಕ್ಕ.

ಅವನಿಗೆ ಬೇಕಾಗಿದ್ದದ್ದು ಒಂದೇ ಕೆಲಸ. ಸ್ಟೇಷನ್ ಮಾಸ್ಟರ್ ಆಗಬೇಕು, ಮೊದಲು ಅಸಿಸ್ಟೆಂಟ್ ಆದರೂ ಸರಿ. ಚಿಕ್ಕಂದಿನಿಂದ ಹಸು ಮೇಯಿಸಿದ್ದು ರೈಲು ಹಳಿಯ ಬದಿಯಲ್ಲಿ. ಆಗಿನ್ನೂ ಕಂಬದ ತುದಿಯ ಕಬ್ಬಿಣದ ಕೈ ಎತ್ತಿ ಇಳಿಸುವ ಸಿಗ್ನಲ್ಲು. ಕೈ ಇಳಿಯಿತು ಅಂದರೆ ಗಾಡಿ ಬಂತು ಅಂತ ಅವನಿಗೆ ಗೊತ್ತು, ದೂರದಿಂದಲೇ ಹೇಳುತ್ತಿದ್ದ. ಬಿಳಿ ಬಟ್ಟೆ ತೊಟ್ಟು ಬಾವುಟ ಹಿಡಿದು ನಿಲ್ಲುವ ಆ ಮನುಷ್ಯನಿಗಿಂತ ದೊಡ್ಡವರು ಅವನ ಪಾಲಿಗೆ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ತೊಂಬತ್ತಾರರಲ್ಲಿ ಅರ್ಜಿ ಕರೆದಾಗ ವಯಸ್ಸಿನ ಮಿತಿಯ ಪ್ರಕಾರ ಅವನಿಗೆ ಅದೇ ಕೊನೆಯ ಅವಕಾಶ. ಇದು ತಪ್ಪಿದರೆ ಹಸು, ಕೊಟ್ಟಿಗೆ, ಡೈರಿಗೆ ಹಾಲು, ಇಷ್ಟೇ ಅಂತ ಅವನೇ ಹೇಳುತ್ತಿದ್ದ. ತಮಾಷೆಯಾಗಿ ಹೇಳುತ್ತಿದ್ದ, ಆದರೆ ತಮಾಷೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವನ ತಾಯಿ ಜಯಲಕ್ಷ್ಮಮ್ಮ ಆಗಾಗ ಪಟ್ಟಣಕ್ಕೆ ಬರುವರು. ನಮ್ಮ ಅಂಗಡಿಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬೀದಿಯಲ್ಲೇ ನಿಂತು, ಬಳೆಗಳ ಕಡೆಗೆ ನೋಡದೆ, ಮಗನನ್ನು ಕೂಗುವರು. ಗಂಡ ಸತ್ತ ಹೆಂಗಸು ಬಳೆ ಅಂಗಡಿಗೆ ಯಾಕೆ ಬರಬೇಕು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅವರ ಅಣ್ಣ. ಅದನ್ನು ಅವರು ಮುಚ್ಚಿಟ್ಟಿದ್ದೇನೂ ಅಲ್ಲ. ನಮ್ಮಪ್ಪನ ಹತ್ತಿರವೂ ಬೀದಿಯಲ್ಲಿ ನಿಂತೇ ಎಷ್ಟೋ ಸಲ ಹೇಳಿದ್ದರು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ತಂಗಿಯ ಮನೆಗೆ ಬಳೆ ತರಬೇಕು. ತವರಿನ ಹಸಿರು ಬಳೆ ಕೈಯಲ್ಲಿದ್ದರೆ ಮುತ್ತೈದೆತನ ಗಟ್ಟಿ ಅಂತ ನಂಬಿಕೆ. ಆ ಒಂದು ವಾರ ನಮ್ಮ ಅಂಗಡಿಯಲ್ಲಿ ಹಸಿರು ಬಿಟ್ಟು ಬೇರೆ ಯಾವುದೂ ಹೋಗುವುದಿಲ್ಲ. ಜಯಲಕ್ಷ್ಮಮ್ಮನ ತವರು ಸಿಂಧಘಟ್ಟ. ಅಣ್ಣ ನರಸಯ್ಯ ಪ್ರತಿ ವರ್ಷ ತಪ್ಪದೆ ತರುತ್ತಿದ್ದ. ಆರಿಸುತ್ತಿದ್ದವಳು ಅವನ ಹೆಂಡತಿ, ಹೊತ್ತು ತರುತ್ತಿದ್ದವನು ಅವನು. ಒಂದು ವರ್ಷ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಆದರೂ ತಂಗಿಗೆ ಬಳೆ ತಪ್ಪಿಸಬಾರದು ಅಂತ ಒಬ್ಬನೇ ಕೆ.ಆರ್. ಪೇಟೆ ಸಂತೆಗೆ ಹೋಗಿ, ಒಬ್ಬನೇ ಆರಿಸಿಕೊಂಡು ಬಂದ. ಮಡಿಲಿಗೆ ಹಾಕುವ ಹೊತ್ತಿಗೆ ಜಯಲಕ್ಷ್ಮಮ್ಮ ಕಾಗದ ಬಿಚ್ಚಿ ನೋಡಿದರೆ ಒಂದೇ ಒಂದು ಹಸಿರು ಬಳೆ ಇಲ್ಲ. ಎಲ್ಲ ಕಂದು. ನಾವು ಕಾಫಿ ಬಣ್ಣ ಅನ್ನುವುದನ್ನು ಅವರು ಮಣ್ಣು ಬಣ್ಣ ಅನ್ನುತ್ತಿದ್ದರು.

ಊರ ಹೆಂಗಸರೆಲ್ಲ ಬಾಗಿನಕ್ಕೆ ಬಂದು ಕೂತಿದ್ದರು. ಇದೇನು ಅಂತ ತಂಗಿ ಕೇಳಿದರು. ನರಸಯ್ಯ ಒಂದೇ ಮಾತು ಹೇಳಿದ.

"ಅಸಿರೇ ಕಣವ್ವ ತಂದಿರೋದು. ನಿನ್ನಾಣೆಗೂ ಅಸಿರೇ."

ಕೈಯಲ್ಲಿ ಮಣ್ಣು ಬಣ್ಣದ ಬಳೆ ಹಿಡಿದುಕೊಂಡು, ನೆರೆದವರ ಮುಂದೆ, ಹಸಿರೇ ಅಂತ ಆಣೆ ಹಾಕಿದವನನ್ನು ಏನಂದುಕೊಳ್ಳಬೇಕು? ನಿನಗೆ ಕಣ್ಣು ಕಾಣಕ್ಕಿಲ್ವಾ, ಇಲ್ಲ ನಾನು ಕುರುಡಿಯಾ ಅಂತ ಜಯಲಕ್ಷ್ಮಮ್ಮ ಬಳೆಯನ್ನು ಅಂಗಳಕ್ಕೆ ಎಸೆದರು. ಅವನು ಬಗ್ಗಿ ಚೂರುಗಳನ್ನು ಆಯ್ದು ಟವೆಲ್ಲಿಗೆ ಕಟ್ಟಿಕೊಂಡು, ಊಟ ಮಾಡದೆ ಹೋದ. ಆ ಸುಗ್ಗಿಯಲ್ಲಿ ಅವರ ಗಂಡ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿಸಿಕೊಂಡು, ದವಡೆ ಕಚ್ಚಿಕೊಂಡು, ಮೈ ಬಿಲ್ಲಿನ ಹಾಗೆ ಬಾಗಿ ಸತ್ತರು. ಅದು ಧನುರ್ವಾಯು, ಗಾಯದಿಂದ ಹೊಕ್ಕ ರೋಗಾಣುವಿನಿಂದ ಬರುವುದು ಅಂತ ನಿಂಗರಾಜು ಎಷ್ಟೋ ವರ್ಷದ ಮೇಲೆ ಗೈಡಿನಲ್ಲಿ ಓದಿ ತಾಯಿಗೆ ಹೇಳಿದ್ದ. ತಾಯಿ ಒಪ್ಪಲಿಲ್ಲ. ತನ್ನ ಹೆಂಡತಿ ಸತ್ತಳು, ತಂಗಿ ಮುತ್ತೈದೆಯಾಗಿರುವುದು ಅವನ ಕಣ್ಣಿಗೆ ಚುಚ್ಚಿತು, ಬೇಕೆಂತಲೇ ತಂದ ಅನ್ನುವುದು ಅವರ ತೀರ್ಮಾನ. ಗಂಡನ ಹೆಣದ ಮುಂದೆ ಬಂದು ನಿಂತ ಅಣ್ಣನನ್ನು ಅವರು ಜನರಿಂದ ಹೊರಗೆ ಕಳಿಸಿದರು. ಆಮೇಲೆ ಅವನು ವರ್ಷಕ್ಕೊಮ್ಮೆ ಊರ ಬಾಗಿಲವರೆಗೆ ಬಂದು, ಸಿಕ್ಕವರ ಹತ್ತಿರ ತಂಗಿಯ ಕ್ಷೇಮ ವಿಚಾರಿಸಿ ವಾಪಸು ಹೋಗುತ್ತಿದ್ದನಂತೆ. ಪರೀಕ್ಷೆಯ ಹಿಂದಿನ ವರ್ಷ ಸಿಂಧಘಟ್ಟದಿಂದ ಅವನ ಸಾವಿನ ಸುದ್ದಿ ಬಂತು. ಜಯಲಕ್ಷ್ಮಮ್ಮ ಹೋಗಲಿಲ್ಲ, ಮಗನನ್ನೂ ಬಿಡಲಿಲ್ಲ. ಮಣ್ಣು ಹಾಕಲು ರಕ್ತ ಸಂಬಂಧ ಅನ್ನುವವರು ಒಬ್ಬರೂ ಇಲ್ಲದೆ ಊರವರೇ ಸೇರಿ ಮುಗಿಸಿದರು.

ಪರೀಕ್ಷೆ ಬರೆದ ದಿನ ನಿಂಗರಾಜು ಬೆಂಗಳೂರಿನಿಂದ ನೇರ ನಮ್ಮ ಅಂಗಡಿಗೇ ಬಂದ. ಮುಖ ಅರಳಿತ್ತು. ವಿಜ್ಞಾನದ ಪ್ರಶ್ನೆಗಳೆಲ್ಲ ನಾವು ಓದಿದ್ದೇ ಬಂದಿವೆ ಅಂದ. ಒಂದೊಂದನ್ನೂ ಬೆರಳು ಮಡಿಸಿ ಹೇಳಿದ.

"ವರ್ಣಾಂಧತೆ ಮಗನಿಗೆ ಯಾರಿಂದ ಬತ್ತದೆ ಅಂತ ಕೇಳವ್ರೆ. ತಾಯಿಂದ ಅಂತ ಗೀಚಿ ಬಂದೆ ಕಣ್ಲಾ. ತಾಯಿಗೆ ಬಣ್ಣ ಕಾಣ್ತದೆ, ಅವಳ ಮಗಂಗೆ ಕಾಣಕ್ಕಿಲ್ಲ, ಅವಳ ಅಣ್ಣತಮ್ಮದೀರ್ಗೂ ಇರಬೋದು. ಒಂದು ಮಾರ್ಕು ಗ್ಯಾರಂಟಿ."

ಆ ಮಾರ್ಕು ಬಂತು. ಉಳಿದವೂ ಬಂದವು. ಪಾಸಾದವರ ನಂಬರು ಪೇಪರಿನಲ್ಲಿ ಬಂದಾಗ ಜಯಲಕ್ಷ್ಮಮ್ಮ ನಮ್ಮ ಬೀದಿಯಲ್ಲಿ ನಿಂತು ಎಲ್ಲರಿಗೂ ಸಕ್ಕರೆ ಹಂಚಿದರು. ನಮ್ಮಪ್ಪ ಕೈ ಎತ್ತಿ ದುವಾ ಮಾಡಿದರು. ಇನ್ನು ಉಳಿದದ್ದು ಮೈಸೂರಿನಲ್ಲಿ ವೈದ್ಯಕೀಯ ಪರೀಕ್ಷೆ ಮಾತ್ರ. ಹಾಲು ಕುಡಿದು ಬೆಳೆದ ಮೈ, ಏನಾಗುತ್ತದೆ ಅಂತ ಎಲ್ಲರೂ ಅಂದೆವು.

ತೂಕ ನೋಡಿದರು, ಎದೆ ಅಳೆದರು, ದೂರದ ಅಕ್ಷರ ಓದಿಸಿದರು. ಎಲ್ಲ ಸರಿ. ಕೊನೆಗೆ ಒಂದು ಪುಸ್ತಕ ತೆಗೆದರು. ಪುಟದ ತುಂಬ ಬಣ್ಣ ಬಣ್ಣದ ಚುಕ್ಕಿ, ಚುಕ್ಕಿಯೊಳಗೆ ಒಂದು ನಂಬರು. ಮೊದಲ ಪುಟದ ನಂಬರು ಹೇಳಿದ. ಆಮೇಲೆ ಬರೀ ಚುಕ್ಕಿ. ಪುಟ ತಿರುವಿದರೂ ಚುಕ್ಕಿ. ಇದರಲ್ಲಿ ನಂಬರೇ ಇಲ್ಲ ಸಾರ್ ಅಂದನಂತೆ, ಪ್ರಿಂಟ್ ತಪ್ಪಾಗಿರಬೇಕು ಅನ್ನುವ ಹಾಗೆ. ಪಕ್ಕದಲ್ಲಿ ನಿಂತಿದ್ದ ಹುಡುಗರು ಕಿಸಕ್ಕನೆ ನಕ್ಕರಂತೆ. ಕೆಂಪು ಹಸಿರು ಗೊತ್ತಾಗುವುದಿಲ್ಲ, ಗಾಡಿ ಓಡಿಸುವ ಕೆಲಸಕ್ಕಾಗಲಿ ಗಾಡಿ ಬಿಡುವ ಕೆಲಸಕ್ಕಾಗಲಿ ಆಗುವುದಿಲ್ಲ ಅಂತ ಬರೆದುಕೊಟ್ಟರು. ಹಳಿಯ ಬದಿಯಲ್ಲಿ ಬೆಳೆದವನು ಸಿಗ್ನಲ್ಲಿನ ಕೈಯನ್ನು ನೋಡಿದ್ದ, ಬಣ್ಣವನ್ನು ಒಂದು ದಿನವೂ ನೋಡಿರಲಿಲ್ಲ. ಅದು ಅವನಿಗೇ ಗೊತ್ತಿರಲಿಲ್ಲ. ಹಣ್ಣು ಮೆಣಸಿನಕಾಯಿ ಬಿಡಿಸಲು ಹೋಗಿ ಕಾಯಿಯನ್ನೂ ಬಿಡಿಸಿ ಬೈಸಿಕೊಂಡಿದ್ದನ್ನು ಎಲ್ಲರ ಹಾಗೆ ಅವನೂ ಗಮನ ಸಾಲದು ಅಂದುಕೊಂಡಿದ್ದ.

ಇದನ್ನೆಲ್ಲ ಅಂಗಡಿಗೆ ಬಂದು ನನಗೆ ಹೇಳಿದ. ಅವನ ಸೋದರಮಾವ ನರಸಯ್ಯನ ಬಳೆಯ ಕಥೆ ನನ್ನ ತಲೆಗೂ ಬಂತು, ಅವನ ತಲೆಗೂ ಬಂದಿತ್ತು. ಆ ಒಂದು ಮಾರ್ಕಿನ ಉತ್ತರ ಇಬ್ಬರಿಗೂ ಬಾಯಿಪಾಠ. ತಾಯಿಗೆ ಹೇಳಬೇಡ ಅಂತ ಮಾತ್ರ ಅಂದ. ನಾನು ಹೇಳುವುದಿಲ್ಲ ಅಂದೆ.

ತಾಯಿಗೆ ಅವನು ಹೇಳಿದ್ದು, ಕಣ್ಣಿನಲ್ಲಿ ಸ್ವಲ್ಪ ತೊಂದರೆ ಇದೆಯಂತೆ, ಮತ್ತೊಮ್ಮೆ ಕರೆಯುತ್ತಾರೆ ಅಂತ. ಅವರಿಗೆ ಅಷ್ಟು ಸಾಕಾಯಿತು. ಮಾರನೆಯ ದಿನದಿಂದ, ಕಣ್ಣಿಗೆ ಒಳ್ಳೆಯದೆಂದು, ಹೊನಗೊನ್ನೆ ಸೊಪ್ಪಿನ ಸಾರು, ಹೊನಗೊನ್ನೆ ಸೊಪ್ಪಿನ ಪಲ್ಯ. ಕಾಲುವೆ ಬದುವಿನಲ್ಲಿ ಕೂತು ಕಿತ್ತು ಮಡಿಲು ತುಂಬಿಕೊಂಡು ಬರುವರು. ನೆತ್ತಿಗೆ ಹರಳೆಣ್ಣೆ ತಟ್ಟುವರು. ಯಾರೋ ಹೇಳಿದರೆಂದು ಕ್ಯಾರೆಟ್ ತಂದು ಹಸಿಯಾಗಿ ತಿನ್ನಿಸುವರು. ಕ್ಯಾರೆಟ್ಟಿನಲ್ಲಿರುವುದು ಎ ಜೀವಸತ್ವ, ಅದು ಇರುಳುಗುರುಡಿಗೆ, ತನ್ನ ಕಣ್ಣಿನ ಪರದೆಯಲ್ಲಿ ಹುಟ್ಟುವಾಗಲೇ ಇರದ ಕೋಶವನ್ನು ಯಾವ ಸೊಪ್ಪೂ ತರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲು ಖಾಲಿ ಮಾಡಿ ಎದ್ದು ಕೈ ತೊಳೆಯುತ್ತಿದ್ದ.

ಎರಡನೇ ಸಲ ನೋಡಿ ಅಂತ ಅರ್ಜಿ ಹಾಕಿದ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯವರ ಮಗ ರವೀಂದ್ರ ಅಂತ ಒಬ್ಬನಿದ್ದ, ಅದೇ ಪರೀಕ್ಷೆ ದಾಟಿ ಕೆಲಸಕ್ಕೆ ಸೇರಿದವನು. ಚುಕ್ಕಿ ಪುಸ್ತಕ ಎಲ್ಲ ಕಡೆಗೂ ಒಂದೇ, ನಂಬರುಗಳೂ ಅದೇ ಸಾಲು, ಬಾಯಿಪಾಠ ಮಾಡಿಬಿಡು ಅಂತ ಅವನು ಹೇಳಿ, ನೆನಪಿದ್ದಷ್ಟನ್ನು ಹೇಳಿಕೊಟ್ಟ. ನನಗೂ ಇದು ಸರಿ ಅನ್ನಿಸಿತು. ನಾವು ಹಿಂದೆ ಮುಂದೆ ನೋಡುವ ಜನವೇ ಅಲ್ಲ. ಬಾಯಿಪಾಠ ಮಾಡಿದರೆ ಡಿಗ್ರಿ ಬರುತ್ತದೆ, ಕೆಲಸ ಬರುತ್ತದೆ, ಕಣ್ಣು ಯಾಕೆ ಬರಬಾರದು? ನಾನು ಬಳೆ ವಿಂಗಡಿಸುತ್ತ ಎಷ್ಟನೇ ಪುಟ ಅಂತ ಕೇಳುತ್ತಿದ್ದೆ, ಅವನು ನಂಬರು ಹೇಳುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

ಆ ಸಲ ಡಾಕ್ಟರು ಪುಸ್ತಕವನ್ನು ಹಿಂದಿನಿಂದ ತೆರೆದರು. ನಿಂಗರಾಜು ಮುಂದಿನಿಂದ ಶುರು ಮಾಡಿದ. ಪುಟ ತಿರುಗುವ ಮೊದಲೇ ನಂಬರು ಬರುತ್ತಿತ್ತು, ನಮ್ಮ ಅಂಗಡಿಯಲ್ಲಿ ಬರುತ್ತಿದ್ದ ಹಾಗೆ. ಡಾಕ್ಟರು ಬೈಯಲಿಲ್ಲ. ನಾಲ್ಕಾರು ಪುಟ ಸುಮ್ಮನೆ ಕೇಳಿಸಿಕೊಂಡು ಪುಸ್ತಕ ಮುಚ್ಚಿದರು. ಮುಚ್ಚಿದ ಮೇಲೂ ಇವನು ಇನ್ನೊಂದು ನಂಬರು ಹೇಳಿದನಂತೆ. ಹೋಗಪ್ಪ, ಬೇರೆ ಏನಾದರೂ ಮಾಡಿಕೋ ಅಂದರಂತೆ.

ಬೇರೆ ಅಂದರೆ ಬೇರೆ ಪರೀಕ್ಷೆ ಬರೆಯಬೇಕು. ಬರೆಯಲು ವಯಸ್ಸು ಮುಗಿದಿತ್ತು.

ಅವನು ಮೈಸೂರಿನಿಂದ ಬಂದು ಅದೇ ಸ್ಟೂಲಿನ ಮೇಲೆ ಕೂತ. ಮಧ್ಯಾಹ್ನದ ಹೊತ್ತು, ಗಿರಾಕಿ ಇರಲಿಲ್ಲ, ನಮ್ಮಪ್ಪ ನಮಾಜಿಗೆ ಹೋಗಿದ್ದರು. ಗೌರಿ ಹಬ್ಬಕ್ಕೆ ಬಂದ ಹೊಸ ಸರಕು ನೆಲದ ಮೇಲೆ ರಾಶಿ ಬಿದ್ದಿತ್ತು. ಅವನು ಸ್ಟೂಲು ಬಿಟ್ಟು ರಾಶಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ.

"ಲೇ ಯಾಸಿನ್, ಅಸಿರು ಒಂದ್ಕಡೆ ಆಕ್ತೀನಿ. ನೋಡು ನೀನು. ಮಧ್ಯೆ ಬಾಯಿ ಬುಡಬೇಡ."

ಬೇಡ ಕಣೋ ಅಂದೆ. ಕೇಳಲಿಲ್ಲ. ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಯೋಚಿಸಿ, ಎಡಗಡೆ ಇಡುತ್ತ ಹೋದ. ಗಿಣಿ ಹಸಿರು ಸರಿಯಾಗಿ ಹೋಯಿತು. ಬಾಟಲಿ ಹಸಿರಿನ ಜೊತೆ ಕಾಫಿ ಬಣ್ಣವೂ ಹೋಯಿತು. ಎಡಗಡೆಯ ಗುಡ್ಡೆ ಬೆಳೆಯುತ್ತಿತ್ತು, ಅರ್ಧ ಹಸಿರು, ಅರ್ಧ ಮಣ್ಣು. ನನಗೆ ನೋಡಲಾಗದೆ ಬಾಗಿಲ ಕಡೆ ತಿರುಗಿದೆ. ಬೀದಿಯಲ್ಲಿ ಜಯಲಕ್ಷ್ಮಮ್ಮ ನಿಂತಿದ್ದರು. ಮಗ ಮೈಸೂರಿನಿಂದ ಏನು ಸುದ್ದಿ ತಂದಿದ್ದಾನೆ ಅಂತ ಮನೆಯಲ್ಲಿ ಕಾಯಲಾರದೆ ಬಸ್ಸು ಹತ್ತಿ ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಕೈಯಲ್ಲಿದ್ದ ಚೀಲದಿಂದ ಹೊನಗೊನ್ನೆ ಸೊಪ್ಪು ಇಣುಕುತ್ತಿತ್ತು.

ಅವರು ಮೆಟ್ಟಿಲು ಹತ್ತಿ ಒಳಗೆ ಬಂದರು. ಅವರು ನಮ್ಮ ಅಂಗಡಿಯೊಳಗೆ ಬಂದದ್ದು ಅದೇ ಮೊದಲು. ಚೀಲ ಕೆಳಗಿಟ್ಟು, ಮಗನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಕೆಲಸ ಹೋಯಿತಾ ಅಂತ ಕೇಳಿದರು. ಹೋಯಿತು ಅಂತ ಅವನು ತಲೆ ಆಡಿಸಿದ. ಕಣ್ಣಿಗೆ ಏನಾಗಿದೆ ಅಂತ ಕೇಳಿದರು. ಈ ಸಲ ಸುಳ್ಳು ಹೇಳುವುದಕ್ಕೆ ಅವನಲ್ಲಿ ತ್ರಾಣ ಇರಲಿಲ್ಲ. ಕೆಂಪು ಹಸಿರು ಕಂದು ಎಲ್ಲ ಒಂದೇ ಥರ ಕಾಣುತ್ತೆ, ಹುಟ್ಟಿದಾಗಿನಿಂದ ಹಾಗೇ ಅಂದ.

"ಎಲ್ಲಿಂದ ಬಂತಪ್ಪ ಇದು? ನಿಮ್ಮಪ್ಪಂಗೆ ಇರ್ಲಿಲ್ಲ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವನು ನಿಂಗರಾಜು. ಈ ಪ್ರಶ್ನೆಗೆ ಸರಿಯುತ್ತರ ಬರೆದು ಮಾರ್ಕು ತೆಗೆದವನು. ಅವನು ನೆಲ ನೋಡುತ್ತ, ಗೊತ್ತಿಲ್ಲ ಕಣವ್ವ ಅಂದ.

ಜಯಲಕ್ಷ್ಮಮ್ಮ ಎಡಗಡೆಯ ಗುಡ್ಡೆಯನ್ನೇ ನೋಡುತ್ತಿದ್ದರು. ಗಂಡ ಸತ್ತ ಮೇಲೆ ಬಳೆ ಮುಟ್ಟದ ಕೈ ಸ್ವಲ್ಪ ಹೊತ್ತು ಅದರ ಮೇಲೆ ಸುಮ್ಮನೆ ನಿಂತಿತು. ಆಮೇಲೆ ಒಂದು ಕಾಫಿ ಬಣ್ಣದ ಬಳೆಯನ್ನು ಎತ್ತಿ ಮಗನ ಮುಖದ ಮುಂದೆ ಹಿಡಿದರು.

"ಇದ್ಯಾವ ಬಣ್ಣ?"

ಅವನು ನನ್ನ ಕಡೆ ನೋಡಿದ. ನಾನು ಹೇಳಿಕೊಡುವ ಹಾಗಿರಲಿಲ್ಲ. ತಾಯಿ ಮತ್ತೆ ಕೇಳಿದರು. ಅವನು ಮೆಲ್ಲಗೆ, ತನಗೆ ಕಂಡಿದ್ದನ್ನೇ ಹೇಳಿದ.

"ಅಸಿರು ಕಣವ್ವ."

ಅವರು ಬಳೆಯನ್ನು ಕೆಳಗಿಡಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು. ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು.

"ನಮ್ಮಣ್ಣಂಗೂ ಇಂಗೇ ಇತ್ತಾ?" ಅಂದರು.

ನಿಂಗರಾಜು ಹೂಂ ಅಂದ. ಆಮೇಲೆ ಅವನು ಏನೋ ವಿವರಿಸಲು ಹೋದ, ಯಾರ ತಪ್ಪೂ ಅಲ್ಲ, ರಕ್ತದಲ್ಲೇ ಬರುವುದು, ತಾಯಿಗೆ ಗೊತ್ತಾಗುವುದಿಲ್ಲ ಅಂತೆಲ್ಲ. ಅವರ ಕಿವಿಗೆ ಅದು ಬಿದ್ದ ಹಾಗೆ ಕಾಣಲಿಲ್ಲ. ಆ ಬಳೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಿದ್ದರು. ಅಣ್ಣ ಚೂರು ಆಯ್ದುಕೊಂಡು ಹೋದದ್ದನ್ನು, ಊರ ಬಾಗಿಲಲ್ಲಿ ನಿಂತು ಹೋಗುತ್ತಿದ್ದದ್ದನ್ನು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ನನ್ನ ಮೇಲೆ ಆಣೆ ಹಾಕಿದ, ನನ್ನ ಮೇಲೆ ಯಾವತ್ತೂ ಸುಳ್ಳು ಆಣೆ ಹಾಕಿದವನಲ್ಲ, ಹೆಂಡತಿ ಸತ್ತ ದುಃಖದಲ್ಲೂ ನನಗೆ ಬಳೆ ತಂದ ಅಂದರು. ಅಳು ಬರಲಿಲ್ಲ. ಅತ್ತಿದ್ದರೆ ನಾನು ನೀರು ಕೊಡಬಹುದಿತ್ತು, ಏನಾದರೂ ಸಮಾಧಾನ ಹೇಳಬಹುದಿತ್ತು. ನಮ್ಮಪ್ಪ ನಮಾಜು ಮುಗಿಸಿ ಬಂದವರು ಇದನ್ನು ನೋಡಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

ಮಗನ ಕಡೆ ತಿರುಗಿ ಅವರು ಕೊನೆಗೆ ಒಂದು ಪ್ರಶ್ನೆ ಕೇಳಿದರು.

"ಇದ್ಕೆ ಇನ್ನು ಏನೂ ಮಾಡಕ್ಕಾಗಕ್ಕಿಲ್ವೇನಪ್ಪ?"

ನಿಂಗರಾಜು ತನ್ನ ಕಣ್ಣಿನ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡ. ಗೈಡಿನಲ್ಲಿ ಅದಕ್ಕೂ ಒಂದು ಸಾಲಿತ್ತು.

"ಇಲ್ಲ ಕಣವ್ವ," ಅಂದ. "ಏನೂ ಮಾಡಕ್ಕಾಗಕ್ಕಿಲ್ಲ."